ಜೆನೆಟಿಕ್ ಎಂಜಿನಿಯರಿಂಗ್ ಕನಸಿಗೆ ಯಾವ ಡಿಗ್ರಿ? ರಾಯಚೂರು, ಕೊಪ್ಪಳ, ಬಳ್ಳಾರಿ ಮಕ್ಕಳಿಗೊಂದು ಹೋಲಿಕೆ

ಪಿಯುಸಿ ಫಲಿತಾಂಶ ಬಂದು ಸಿಇಟಿ ರ‍್ಯಾಂಕ್ ಕೈಗೆ ಸಿಕ್ಕ ಮೇಲೆ ನಮ್ಮ ಕಡೆ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಹೀಗಿರುತ್ತದೆ. "ಸರ್, ನನಗೆ ಜೆನೆಟಿಕ್ ಎಂಜಿನಿಯರಿಂಗ್ ಕಡೆ ಹೋಗಬೇಕು ಅಂತ ಆಸೆ. ಬಿಇ ಬಯೋಟೆಕ್ ತಗೊಳ್ಳಲಾ, ಬಿಎಸ್ಸಿ ಅಗ್ರಿ ತಗೊಳ್ಳಲಾ, ಇಲ್ಲಾ ಇಲ್ಲೇ ಡಿಗ್ರಿ ಕಾಲೇಜಿಗೆ ಸೇರಿಬಿಡಲಾ?" ಪಕ್ಕದಲ್ಲಿ ನಿಂತ ಅಪ್ಪನದು ಇನ್ನೊಂದು ಪ್ರಶ್ನೆ. "ಇದನ್ನ ಓದಿದ್ರ ಕೆಲಸ ಸಿಗ್ತೈತೇನ್ರಿ?"

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನನಗೆ ಈ ಎರಡೂ ನ್ಯಾಯವಾದ ಪ್ರಶ್ನೆಗಳೇ ಅನ್ನಿಸುತ್ತವೆ. ಮಗುವಿನ ಆಸೆಗೆ ಒಂದು ಉತ್ತರ, ಅಪ್ಪನ ಚಿಂತೆಗೆ ಇನ್ನೊಂದು ಉತ್ತರ ಅಂತ ಬೇರೆ ಬೇರೆ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಮೊದಲ ಡಿಗ್ರಿಯ ಹೆಸರು ಯಾರನ್ನೂ ಜೆನೆಟಿಕ್ ಎಂಜಿನಿಯರ್ ಮಾಡುವುದಿಲ್ಲ. ಎರಡನೇ ಡಿಗ್ರಿ ಮತ್ತು ಲ್ಯಾಬಿನಲ್ಲಿ ಕಳೆದ ವರ್ಷಗಳು ಮಾಡುತ್ತವೆ. ಜೀನ್ ತಿದ್ದುವ ಕೆಲಸದಲ್ಲಿ ಸ್ವಂತ ಜವಾಬ್ದಾರಿ ಸಿಗಬೇಕಾದರೆ ಎಂಎಸ್ಸಿ ಅಥವಾ ಎಂಟೆಕ್ ಬೇಕು. ವಿಜ್ಞಾನಿ ಆಗಬೇಕಾದರೆ ಪಿಎಚ್‌ಡಿ ಬೇಕು. ಹಾಗಾಗಿ "ಯಾವ ಡಿಗ್ರಿಯ ಹೆಸರಲ್ಲಿ ಜೆನೆಟಿಕ್ ಅಂತ ಇದೆ" ಎಂದು ಹುಡುಕುವುದು ಬೇಡ. ಹೊರ ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳು ಅದೇ ಹೆಸರಿನ ಕೋರ್ಸ್ ಇಟ್ಟು ದೊಡ್ಡ ಫೀ ಕೇಳುತ್ತವೆ. ಆ ಹೆಸರಿಗಾಗಿ ಹೊಲ ಅಡ ಇಡಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಯಾವ ಮೊದಲ ಡಿಗ್ರಿ ಮನೆಗೆ ಭಾರವಾಗದೆ ನನ್ನನ್ನು ಎರಡನೇ ಡಿಗ್ರಿವರೆಗೆ ಮುಟ್ಟಿಸುತ್ತದೆ? ಅಲ್ಲಿವರೆಗೆ ಹೋಗಲು ಆಗದಿದ್ದರೆ ಕೈಯಲ್ಲಿ ಏನು ಉಳಿಯುತ್ತದೆ?

ಮೊದಲು ಅಳತೆಗೋಲು

ಒಂದು, ನೀವು ಯಾವ ಜೀವಿಯ ಜೊತೆ ಕೆಲಸ ಮಾಡಬೇಕು? ಬೆಳೆ, ಮನುಷ್ಯ, ಸೂಕ್ಷ್ಮಜೀವಿ ಮೂರೂ ಬೇರೆ ಬೇರೆ ದಾರಿಗಳು. ಇದನ್ನು ಯಾರೂ ಕೇಳುವುದೇ ಇಲ್ಲ, ಆದರೆ ಅರ್ಧ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಬೆಳೆಯ ದಾರಿ ನಮ್ಮ ಜಿಲ್ಲೆಗಳಿಗೆ ದೂರದ್ದಲ್ಲ. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷ ತಯಾರಿಸುವ, ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಹತ್ತಿ ಗಿಡಕ್ಕೆ ಬಂತು. ಅದರಿಂದ ಆದ ಲಾಭ ರಾಯಚೂರಿನ ಹತ್ತಿ ರೈತರಿಗೆ ಗೊತ್ತು. ಗುಲಾಬಿ ಕಾಯಿಕೊರಕ ಆ ವಿಷಕ್ಕೆ ಬಗ್ಗದೆ ತಿರುಗಿ ಬಂದದ್ದೂ ಗೊತ್ತು. ಈಗ ಅದಕ್ಕಿಂತ ಹೊಸದಾದ ಕ್ರಿಸ್ಪರ್ ವಿಧಾನ ಬಂದಿದೆ. ಹೊರಗಿನ ಜೀನ್ ಹಾಕದೆ, ಗಿಡದ ತನ್ನದೇ ಜೀನಿನಲ್ಲಿ ಒಂದೆರಡು ಅಕ್ಷರ ತಿದ್ದುವ ಕೆಲಸ ಅದು. ಇದನ್ನು ಕಂಡುಹಿಡಿದ ಇಬ್ಬರು ಮಹಿಳಾ ವಿಜ್ಞಾನಿಗಳಿಗೆ, ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನ್ನಿಫರ್ ಡೌಡ್ನಾಗೆ, 2020ರ ರಸಾಯನಶಾಸ್ತ್ರ ನೊಬೆಲ್ ಬಂತು. 2022ರಲ್ಲಿ ಕೇಂದ್ರ ಸರ್ಕಾರ, ಹೊರಗಿನ ಜೀನ್ ಇಲ್ಲದ ಇಂಥ ತಿದ್ದಿದ ಬೆಳೆಗಳಿಗೆ ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಎರಡು ಜೀನ್ ತಿದ್ದಿದ ಭತ್ತದ ತಳಿಗಳ ಘೋಷಣೆಯಾಯಿತು.

ಆ ಎರಡರಲ್ಲಿ ಒಂದಾದ 'ಕಮಲಾ' ಸಿದ್ಧವಾದದ್ದು ಹೈದರಾಬಾದ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ಅದರ ಮೂಲ ತಳಿ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ರೈತರಿಗೆ ಈ ಹೆಸರು ಹೊಸದಲ್ಲ. ಕಮಲಾ ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂದು ಸಂಸ್ಥೆ ಹೇಳಿದೆ. ಕಾಲುವೆಯ ಕೊನೆ ಭಾಗದಲ್ಲಿ ನೀರಿಗಾಗಿ ಕಾಯುವವರಿಗೆ 20 ದಿನ ಎಂದರೆ ಏನು ಅಂತ ಹೇಳಬೇಕಾಗಿಲ್ಲ, ಅಲ್ವಾ? ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ಇನ್ನೊಂದು ತಳಿ ಬರ ಮತ್ತು ಉಪ್ಪನ್ನು ತಡೆಯುವಂಥದ್ದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟು ಎಕರೆ ಸವಳು ಹಿಡಿದಿದೆ ಎಂದು ನೋಡಿದವರಿಗೆ ಇದರ ಬೆಲೆ ಗೊತ್ತು.

ಮನುಷ್ಯನ ದಾರಿಯಲ್ಲಿ ಔಷಧ, ಲಸಿಕೆ, ಜೀನ್ ಚಿಕಿತ್ಸೆ ಬರುತ್ತವೆ. ರಕ್ತದ ಕ್ಯಾನ್ಸರಿಗೆ ರೋಗಿಯ ರಕ್ತಕಣಗಳನ್ನೇ ತಿದ್ದಿ ಮರಳಿ ಕೊಡುವ ಭಾರತದ್ದೇ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಅದು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕೆಲಸ. ಸೂಕ್ಷ್ಮಜೀವಿಗಳ ದಾರಿ ಎಂದರೆ ಬ್ಯಾಕ್ಟೀರಿಯಾ, ಯೀಸ್ಟ್‌ಗಳಿಗೆ ಜೀನ್ ಹಾಕಿ ಇನ್ಸುಲಿನ್, ಕಿಣ್ವ, ಲಸಿಕೆ ಮಾಡಿಸುವುದು. ಬೆಂಗಳೂರಿನ ಬಯೋಕಾನ್, ಹೈದರಾಬಾದ್‌ನ ಲಸಿಕೆ ಕಂಪನಿಗಳು ಈ ಕಡೆಯವು. ಖಾಸಗಿ ಉದ್ಯೋಗ ಜಾಸ್ತಿ ಇರುವುದೂ ಇಲ್ಲೇ.

ಎರಡನೇ ಅಳತೆ ಗಣಿತ. ಬಿಇಗೆ ಗಣಿತ ಕಡ್ಡಾಯ. ವಿಜ್ಞಾನ ಶಿಕ್ಷಣ-ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯಲ್ಲೂ ಗಣಿತ ಇದೆ. ಅಗ್ರಿಗೆ ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಇದನ್ನು ಓದುತ್ತಿದ್ದರೆ ಒಂದೇ ಸಲಹೆ: ಪಿಸಿಎಂಬಿ ತಗೊಳ್ಳಿ, ನೀಟ್ ಕೋಚಿಂಗ್ ಭರದಲ್ಲಿ ಗಣಿತವನ್ನು ಮೂಲೆಗೆ ತಳ್ಳಬೇಡಿ. ಆ ಒಂದು ವಿಷಯ ಕೈಬಿಟ್ಟರೆ ಬಿಇ ಬಾಗಿಲು ಮುಚ್ಚುತ್ತದೆ, ಐಸರ್ ಬಾಗಿಲು ಕಿರಿದಾಗುತ್ತದೆ.

ಮೂರನೆಯದು, ಮನೆಗೆ ಯಾವಾಗ ದುಡಿಮೆ ಬೇಕು? ನಾಲ್ಕು ವರ್ಷದ ಮೇಲೆ ತಂಗಿಯ ಓದಿಗೆ ನೀವೇ ದುಡ್ಡು ಕೊಡಬೇಕಾದ ಮನೆಗೂ, ಇನ್ನೂ ಹತ್ತು ವರ್ಷ ನಿಮ್ಮನ್ನು ಓದಲು ಬಿಡುವ ಮನೆಗೂ ಒಂದೇ ಉತ್ತರ ಆಗುವುದಿಲ್ಲ. ಇದನ್ನು ನಾಚಿಕೆ ಇಲ್ಲದೆ ಮನೆಯಲ್ಲಿ ಕೂತು ಮಾತಾಡಿ.

ನಾಲ್ಕನೆಯದು ಸಂವಿಧಾನದ 371ಜೆ ವಿಧಿ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇದು ಬಹಳ ದೊಡ್ಡ ಬಲ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ ಮೀಸಲು. ಯಾವ ದಾರಿಯಲ್ಲಿ ಈ ಬಲ ಸಿಗುತ್ತದೆ, ಯಾವುದರಲ್ಲಿ ಸಿಗುವುದಿಲ್ಲ ಎಂಬುದು ಲೆಕ್ಕವನ್ನೇ ಬದಲಿಸುತ್ತದೆ.

ಐದನೆಯದು ಲ್ಯಾಬ್. ಅದನ್ನು ಆಮೇಲೆ ಹೇಳುತ್ತೇನೆ.

ಬಿಎಸ್ಸಿ ಅಗ್ರಿ: ನಮ್ಮ ಮಕ್ಕಳು ಕಡೆಗಣಿಸುವ ದಾರಿ

ಜೆನೆಟಿಕ್ ಎಂಜಿನಿಯರಿಂಗ್ ಎಂದಾಗ ಬಿಎಸ್ಸಿ ಅಗ್ರಿ ಹೆಸರು ಹೇಳಿದರೆ ಮಕ್ಕಳ ಮುಖ ಸಣ್ಣದಾಗುತ್ತದೆ. "ಹೊಲದ ಕೆಲಸ ಬಿಡಲಿಕ್ಕೇ ಓದ್ತಿರೋದು ಸರ್" ಎನ್ನುತ್ತಾರೆ. ಆದರೆ ಈ ದೇಶದಲ್ಲಿ ಬೆಳೆಗಳ ಜೀನ್ ಮೇಲೆ ಕೆಲಸ ಮಾಡುವ ಸರ್ಕಾರಿ ವಿಜ್ಞಾನಿಗಳಲ್ಲಿ ಬಹಳಷ್ಟು ಜನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದಿದವರೇ.

ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಗಿದ್ದು 2008ರಲ್ಲಿ. ಅದಕ್ಕೂ ಮೊದಲು ಇಲ್ಲಿನ ಕೃಷಿ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಈಗ ವಿಶ್ವವಿದ್ಯಾಲಯವೇ ಬಾಗಿಲಲ್ಲಿದೆ, ಮೇಲೆ 371ಜೆಯ ಶೇ 70 ಇದೆ. ಇದರ ಜೊತೆ ಕೃಷಿಕರ ಮಕ್ಕಳಿಗೆ ಬೇರೆಯೇ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ನೋಡಿ ಗುರುತು ಹಿಡಿದು ಹೇಳಬೇಕು. ಹೊಲದಲ್ಲಿ ಬೆಳೆದ ಮಗುವಿಗೆ ಇದು ಕಷ್ಟವಲ್ಲ, ಆದರೂ ಒಂದು ವಾರ ತಯಾರಿ ಮಾಡಿಕೊಂಡು ಹೋಗಿ. ಅದರ ಅಂಕಕ್ಕೆ ದೊಡ್ಡ ತೂಕ ಇದೆ. ಸಿಇಟಿ ರ‍್ಯಾಂಕ್ ಅಷ್ಟಕ್ಕಷ್ಟೇ ಇದ್ದರೂ ಈ ಕೋಟಾದಲ್ಲಿ ಸೀಟು ಹಿಡಿಯುವ ಅವಕಾಶ ಇರುತ್ತದೆ.

ಕೊಪ್ಪಳ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ. ಹೂವಿನ ಗಂಡು ಭಾಗ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸವನ್ನು ನಮ್ಮ ತಾಯಂದಿರು, ಅಕ್ಕಂದಿರು ದಿನಗೂಲಿಗೆ ಮಾಡುತ್ತಾರೆ. ತಳಿಶಾಸ್ತ್ರದ ಮೊದಲ ಪಾಠ ಅದೇ. ಅದನ್ನು ಕಣ್ಣಾರೆ ನೋಡಿ ಬೆಳೆದ ಮಗು ತರಗತಿಯಲ್ಲಿ ಮೆಂಡೆಲ್‌ನ ಪ್ರಯೋಗ ಓದುವಾಗ ಅದಕ್ಕೆ ಬೇಗ ಅರ್ಥವಾಗುತ್ತದೆ. ಇದು ನಿಮ್ಮ ಬಂಡವಾಳ, ಸಣ್ಣದೆಂದು ತಿಳಿಯಬೇಡಿ.

ಕೊರತೆ ಏನು? ನಾಲ್ಕು ವರ್ಷದಲ್ಲಿ ಮಣ್ಣು, ಕೀಟ, ರೋಗ, ನೀರಾವರಿ, ಆರ್ಥಿಕತೆ ಎಲ್ಲವನ್ನೂ ಓದಬೇಕು. ಜೆನೆಟಿಕ್ಸ್, ತಳಿ ಅಭಿವೃದ್ಧಿ, ಸಸ್ಯ ಜೈವಿಕ ತಂತ್ರಜ್ಞಾನ ಅದರಲ್ಲಿ ಕೆಲವು ಪೇಪರ್ ಅಷ್ಟೇ. ಡಿಎನ್ಎ ಕೆಲಸ ಕೈತುಂಬ ಸಿಗುವುದು ಎಂಎಸ್ಸಿಯಲ್ಲಿ. ಅಲ್ಲಿ 'ಜೆನೆಟಿಕ್ಸ್ ಅಂಡ್ ಪ್ಲಾಂಟ್ ಬ್ರೀಡಿಂಗ್' ಅಥವಾ 'ಮಾಲಿಕ್ಯುಲರ್ ಬಯಾಲಜಿ ಅಂಡ್ ಬಯೋಟೆಕ್ನಾಲಜಿ' ಆರಿಸಬೇಕು. ಇದಕ್ಕೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಅಖಿಲ ಭಾರತ ಪರೀಕ್ಷೆ ಇದೆ. ಒಳ್ಳೆಯ ರ‍್ಯಾಂಕ್ ಬಂದರೆ ದೆಹಲಿಯ ಪೂಸಾದಂಥ ಕಡೆ ಸ್ಕಾಲರ್‌ಶಿಪ್ ಜೊತೆಗೇ ಸೀಟು ಸಿಗುತ್ತದೆ. ನಾಲ್ಕು, ಎರಡು, ಮೇಲೆ ಪಿಎಚ್‌ಡಿಗೆ ಮೂರ್ನಾಲ್ಕು. ಒಟ್ಟು ಸುಮಾರು ಹತ್ತು ವರ್ಷ.

ಇನ್ನೊಂದು ಕೊರತೆಯನ್ನು ಮುಚ್ಚಿಡಬಾರದು. ಬೆಳೆಗಳ ಕಡೆಯ ಕೆಲಸ ಸರ್ಕಾರದ ನೀತಿಯ ಮೇಲೆ ನಿಂತಿದೆ. ಬಿಟಿ ಬದನೆ ಸಿದ್ಧವಾಗಿದ್ದರೂ 2010ರಲ್ಲಿ ತಡೆ ಬಿತ್ತು. ಹತ್ತಿ ಬಿಟ್ಟರೆ ಬೇರೆ ಕುಲಾಂತರಿ ಬೆಳೆ ನಮ್ಮ ರೈತರ ಹೊಲಕ್ಕೆ ಕಾನೂನುಬದ್ಧವಾಗಿ ಇನ್ನೂ ಬಂದಿಲ್ಲ. ಜೀನ್ ತಿದ್ದುಪಡಿಗೆ ಸಿಕ್ಕ ವಿನಾಯಿತಿ ಈಗ ದಾರಿ ತೆರೆದಿದೆ, ಆದರೆ ವರ್ಷಗಳ ಶ್ರಮ ಒಂದು ಆದೇಶಕ್ಕೆ ಕಾದು ಕೂರುವ ಕ್ಷೇತ್ರ ಇದು ಎಂದು ತಿಳಿದೇ ಬನ್ನಿ.

ಆದರೂ ನಾನು ಈ ದಾರಿಯನ್ನು ಮೇಲಿಡುವುದು ಅಪ್ಪನ ಪ್ರಶ್ನೆಗಾಗಿ. ನಾಲ್ಕನೇ ವರ್ಷಕ್ಕೇ ಮನೆಯಲ್ಲಿ ಪರಿಸ್ಥಿತಿ ಕೆಟ್ಟರೂ ಕೈ ಖಾಲಿ ಇರುವುದಿಲ್ಲ. ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿ ಹುದ್ದೆ, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ, ಬೀಜ ಕಂಪನಿಗಳು, ಇವೆಲ್ಲ ಈ ಡಿಗ್ರಿಯನ್ನೇ ಕೇಳುತ್ತವೆ. ಬೇರೆ ಯಾವ ದಾರಿಯಲ್ಲೂ ಇಷ್ಟು ಗಟ್ಟಿಯಾದ ಎರಡನೇ ಆಸರೆ ಇಲ್ಲ.

ಇಲ್ಲೇ ಒಂದು ಅಡ್ಡದಾರಿಯೂ ಇದೆ. ಹಾಸನದ ಕೃಷಿ ಕಾಲೇಜಿನಲ್ಲಿ ಬಿಟೆಕ್ ಬಯೋಟೆಕ್ನಾಲಜಿ ಇದೆ. ಕೃಷಿ ಮತ್ತು ಜೀನ್ ಎರಡೂ ಜೊತೆಗೆ ಬೇಕೆನ್ನುವವರು ಆಪ್ಷನ್ ಎಂಟ್ರಿಯಲ್ಲಿ ಇದನ್ನೂ ಹುಡುಕಿ ನೋಡಿ. ದೂರ ಜಾಸ್ತಿ, 371ಜೆ ಅಲ್ಲಿ ಶೇ 8 ಮಾತ್ರ.

ಬಿಇ ಬಯೋಟೆಕ್ನಾಲಜಿ

ಇದಕ್ಕೆ ಎಂಜಿನಿಯರಿಂಗ್ ಎಂಬ ಗೌರವ ಇದೆ. ಮನೆಯವರೂ ಬೇಗ ಒಪ್ಪುತ್ತಾರೆ. ನಮಗೆ ಹತ್ತಿರದಲ್ಲಿ ಬಾಗಲಕೋಟೆಯ ಬಸವೇಶ್ವರ, ದಾವಣಗೆರೆಯ ಬಾಪೂಜಿ, ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಇವೆ. ಬೆಂಗಳೂರಿನಲ್ಲಿ ಆರ್‌ವಿ, ಬಿಎಂಎಸ್, ರಾಮಯ್ಯ. ಇವೆಲ್ಲ ಕಲ್ಯಾಣ ಕರ್ನಾಟಕದ ಹೊರಗಿವೆ. ಅಂದರೆ ಇಲ್ಲಿ 371ಜೆ ಬಲ ಕಡಿಮೆ.

ಒಳಗೆ ಏನು ಕಲಿಸುತ್ತಾರೆ ಎಂದು ತಿಳಿಯದೆ ಸೇರುವವರೇ ಜಾಸ್ತಿ. ಇದು ಜೀವಶಾಸ್ತ್ರದ ಮುಂದುವರಿದ ಭಾಗ ಅಲ್ಲ. ಮೊದಲ ವರ್ಷ ಪೂರ್ತಿ ಎಂಜಿನಿಯರಿಂಗ್ ವಿಷಯಗಳು. ಆಮೇಲೂ ದೊಡ್ಡ ಪಾಲು ದೊಡ್ಡ ಟ್ಯಾಂಕುಗಳಲ್ಲಿ ಸೂಕ್ಷ್ಮಜೀವಿ ಬೆಳೆಸುವುದು, ಅದರಿಂದ ಔಷಧ ಬೇರ್ಪಡಿಸುವುದು, ಶಾಖ, ಹರಿವು, ಲೆಕ್ಕಾಚಾರ. ಜೆನೆಟಿಕ್ ಎಂಜಿನಿಯರಿಂಗ್ ಒಂದು ಪೇಪರ್, ಒಂದು ಲ್ಯಾಬ್ ಅಷ್ಟೇ. ಔಷಧ, ಲಸಿಕೆ ಕಂಪನಿಯ ತಯಾರಿಕಾ ಘಟಕದಲ್ಲಿ ಕೆಲಸ ಮಾಡಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಜೀನ್ ಬಗ್ಗೆಯೇ ಹುಚ್ಚು ಇದ್ದು, ಗಣಿತ ಎಂದರೆ ತಲೆನೋವು ಎನ್ನುವವರು ಮೂರನೇ ಸೆಮಿಸ್ಟರ್‌ಗೇ ಸೋತುಹೋಗುತ್ತಾರೆ.

ಹಣದ ಲೆಕ್ಕವೂ ನೇರವಾಗಿ ಹೇಳಬೇಕು. ಸಿಇಟಿ ಸರ್ಕಾರಿ ಕೋಟಾದಲ್ಲಿ ಒಳ್ಳೆಯ ಕಾಲೇಜು ಸಿಕ್ಕರೆ ಸೇರಬಹುದು. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದು ಈ ಬ್ರಾಂಚಿಗೆ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಬಯೋಟೆಕ್ ಕಂಪನಿಗಳ ಆರಂಭದ ಸಂಬಳ ಸಾಫ್ಟ್‌ವೇರ್ ಸಂಬಳದ ಹಾಗಿರುವುದಿಲ್ಲ. ಸಾಲದ ಕಂತು ಕಟ್ಟಲೆಂದೇ ಕೊನೆಗೆ ಐಟಿ ಕಂಪನಿಗೆ ಹೋಗುವ ಬಯೋಟೆಕ್ ಪದವೀಧರರು ಕಡಿಮೆ ಇಲ್ಲ. ಅಲ್ಲಿಗೆ ಜೀನ್ ಕನಸು ಮುಗಿಯಿತು. ಸಾಲವಿಲ್ಲದೆ ಓದಿದವರಿಗೆ ಮಾತ್ರ ಗೇಟ್ ಪರೀಕ್ಷೆ ಬರೆದು ಎಂಟೆಕ್‌ಗೋ, ನೇರ ಪಿಎಚ್‌ಡಿಗೋ ಹೋಗುವ ಧೈರ್ಯ ಬರುತ್ತದೆ.

ನಮ್ಮೂರ ಡಿಗ್ರಿ ಕಾಲೇಜಿನ ಬಿಎಸ್ಸಿ

ಫೀ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಮನೆಯಿಂದ ಬಸ್ ಪಾಸ್ ಮೇಲೆ ಓಡಾಡಬಹುದು, ಅಥವಾ ಬಿಸಿಎಂ ಹಾಸ್ಟೆಲ್ ಇದೆ. ರಾಜ್ಯದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಮೂರು, ಎರಡು ಸೇರಿ ಐದೇ ವರ್ಷಕ್ಕೆ ಎಂಎಸ್ಸಿ ಕೈಗೆ ಬರುತ್ತದೆ. ಅಗ್ರಿ, ಬಿಇ ದಾರಿಯವರಿಗಿಂತ ಒಂದು ವರ್ಷ ಉಳಿಯಿತು.

ಇದನ್ನು ಸೋತವರ ದಾರಿ ಎಂದು ನೋಡುವುದು ತಪ್ಪು. ಆದರೆ ಸುಮ್ನೆ ಪಾಸಾಗುತ್ತಾ ಹೋದರೆ ಇದು ನಿಮ್ಮನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ ಎಂಬುದೂ ಅಷ್ಟೇ ನಿಜ. ಎಷ್ಟೋ ಕಾಲೇಜುಗಳಲ್ಲಿ ಡಿಎನ್ಎ ಪ್ರತಿ ಮಾಡುವ ಪಿಸಿಆರ್ ಯಂತ್ರ ಚಿತ್ರದಲ್ಲಿ ಮಾತ್ರ ಇರುತ್ತದೆ. ಆ ಕೊರತೆಯನ್ನು ನೀವೇ ಹೊರಗಡೆ ತುಂಬಿಕೊಳ್ಳಬೇಕು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ, ಮೇಲೆ ಭತ್ಯೆ. ಅರ್ಜಿ ಹಾಕುವವರು ನಮ್ಮ ಕಡೆ ಬಹಳ ಕಮ್ಮಿ.

ವಿಷಯ ಆರಿಸುವಾಗ ರಸಾಯನಶಾಸ್ತ್ರ ಬಿಡಬೇಡಿ. ಎಷ್ಟೋ ಎಂಎಸ್ಸಿ ಕೋರ್ಸುಗಳಿಗೆ ಅದು ಬೇಕು, ಬಿಇಡಿ ಮಾಡಿ ಹೈಸ್ಕೂಲ್ ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರಾಗಲೂ ಬೇಕು. ಇನ್ನೊಂದು ಸೂಕ್ಷ್ಮ ಇದೆ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 80,000 ರೂಪಾಯಿವರೆಗೆ. ಅದರ ವಿಷಯಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ ಇವೆ. ಬಯೋಟೆಕ್ನಾಲಜಿ ಆ ಪಟ್ಟಿಯಲ್ಲಿ ಇಲ್ಲ. ಅಂಕ ಚೆನ್ನಾಗಿ ಬಂದ ಬಡ ಮನೆಯ ಮಗು ಬಿಎಸ್ಸಿಗೆ ಬಯೋಟೆಕ್ ಹೆಸರು ಹುಡುಕುವ ಬದಲು ಇವುಗಳಲ್ಲಿ ಒಂದನ್ನು ಓದಿದರೆ, ಓದಿಗೆ ಮನೆಯಿಂದ ದುಡ್ಡೇ ಬೇಡವಾಗಬಹುದು. ಎಂಎಸ್ಸಿಗೆ ಆಗ ಬಯೋಟೆಕ್ ತಗೊಂಡರಾಯಿತು.

ಈ ದಾರಿಯವರಿಗೆ ನಿರ್ಣಾಯಕ ಘಟ್ಟ ಮೂರನೇ ವರ್ಷದ ಪ್ರವೇಶ ಪರೀಕ್ಷೆಗಳು. ಗ್ಯಾಟ್-ಬಿ ಎಂಬ ಪರೀಕ್ಷೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು. ಇದರ ಮೂಲಕ ಇಲಾಖೆಯ ಬೆಂಬಲವಿರುವ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಬಯೋಟೆಕ್ ಸೀಟು ಸಿಕ್ಕರೆ ತಿಂಗಳಿಗೆ 5,000 ರೂಪಾಯಿ ಸ್ಟೈಪೆಂಡ್ ಇದೆ, ಕೃಷಿ ಬಯೋಟೆಕ್‌ಗೆ 7,500. ಐಐಟಿಗಳ ಎಂಎಸ್ಸಿಗೆ ಜಾಮ್ ಪರೀಕ್ಷೆ ಇದೆ. ಎರಡಕ್ಕೂ ಎರಡನೇ ವರ್ಷದಿಂದಲೇ ಓದಬೇಕು. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನ ಭಯದಿಂದ ಇವುಗಳ ಹತ್ತಿರವೇ ಹೋಗುವುದಿಲ್ಲ. ಈ ಪ್ರಶ್ನೆಪತ್ರಿಕೆಗಳಲ್ಲಿ ಪ್ರಬಂಧ ಬರೆಯುವುದಿಲ್ಲ, ಉತ್ತರ ಗುರುತಿಸುವುದು ಅಥವಾ ಸಂಖ್ಯೆ ತುಂಬುವುದು. ವಿಷಯ ಗೊತ್ತಿದ್ದವರಿಗೆ ಅಷ್ಟು ಇಂಗ್ಲಿಷ್ ಸಾಕು.

ಐಸರ್

ವಿಜ್ಞಾನಿಯೇ ಆಗಬೇಕು, ಬೇರೆ ಏನೂ ಬೇಡ ಎನ್ನುವವರಿಗೆ ಇದು ನೇರ ದಾರಿ. ಐದು ವರ್ಷದ ಬಿಎಸ್-ಎಂಎಸ್, ಕೊನೆಯ ವರ್ಷ ಸಂಶೋಧನೆಯ ಪ್ರಬಂಧ. ಲ್ಯಾಬ್ ವಿಚಾರದಲ್ಲಿ ಮೇಲಿನ ಮೂರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ನಮಗೆ ಹತ್ತಿರದವು ತಿರುಪತಿ ಮತ್ತು ಪುಣೆ.

ಪ್ರವೇಶಕ್ಕೆ ಐಎಟಿ ಪರೀಕ್ಷೆ. ಜೀವಶಾಸ್ತ್ರ, ಭೌತ, ರಸಾಯನ, ಗಣಿತ ನಾಲ್ಕಕ್ಕೂ 15ರಂತೆ 60 ಪ್ರಶ್ನೆ. ಪಿಯುಸಿಯಲ್ಲಿ ಶೇ 60 ಬೇಕು, ಎಸ್‌ಸಿ, ಎಸ್‌ಟಿಯವರಿಗೆ ಶೇ 55. ಇಲ್ಲಿ 371ಜೆ ನಡೆಯುವುದಿಲ್ಲ. ರಾಜ್ಯದ 2ಎ, 3ಬಿ ಪ್ರಮಾಣಪತ್ರವೂ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಬೇಕು. ಇದು ಗೊತ್ತಿಲ್ಲದೆ ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿಬಿಡುವ ಮಕ್ಕಳಿದ್ದಾರೆ.

ತೊಂದರೆ ಎಂದರೆ, ಐದು ವರ್ಷ ಮುಗಿದ ಮೇಲೂ ಈ ಡಿಗ್ರಿ ನೇರವಾಗಿ ಕೊಡುವ ಸರ್ಕಾರಿ ಹುದ್ದೆ ಬಹಳ ಕಡಿಮೆ. ಇದು ಪಿಎಚ್‌ಡಿ ಕಡೆಗೇ ಮುಖ ಮಾಡಿರುವ ಓದು. ಮನೆಗೆ ಬೇಗ ದುಡಿಮೆ ಬೇಕಾದವರು ಎರಡು ಸಲ ಯೋಚಿಸಿ. ಬೆಂಗಳೂರಿನ ಐಐಎಸ್‌ಸಿಯಲ್ಲೂ ನಾಲ್ಕು ವರ್ಷದ ಬಿಎಸ್ ಇದೆ, ಅಲ್ಲಿ ಸ್ಪರ್ಧೆ ಇನ್ನೂ ಬಿಗಿ.

ಎಂಬಿಬಿಎಸ್ ಬಗ್ಗೆಯೂ ಕೇಳುತ್ತಾರೆ. ವೈದ್ಯರಾಗಿ, ಎಂಡಿ ಮಾಡಿ, ಆಮೇಲೆ ಮೆಡಿಕಲ್ ಜೆನೆಟಿಕ್ಸ್‌ನಲ್ಲಿ ಡಿಎಂ ಮಾಡಬಹುದು. ಅದು ಆನುವಂಶಿಕ ಕಾಯಿಲೆ ಇರುವ ಮನೆಗಳಿಗೆ ಚಿಕಿತ್ಸೆ, ಸಲಹೆ ಕೊಡುವ ಕೆಲಸ. ಒಳ್ಳೆಯದೇ, ಆದರೆ ಅದು ಬಹಳ ಉದ್ದದ ಬೇರೆಯದೇ ದಾರಿ. ಕಂಪ್ಯೂಟರ್ ಇಷ್ಟ ಇರುವವರಿಗೆ ಬಯೋಇನ್‌ಫರ್ಮ್ಯಾಟಿಕ್ಸ್ ಇದೆ. ಜೀನುಗಳ ಮಾಹಿತಿ ರಾಶಿ ರಾಶಿ ಬಂದು ಬಿದ್ದಿದೆ, ಅದನ್ನು ಓದಬಲ್ಲವರಿಗೆ ಬೇಡಿಕೆ ಇದೆ. ಯಾವ ಡಿಗ್ರಿಯಲ್ಲಿದ್ದರೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಿಟ್ಟುಕೊಳ್ಳಿ.

ಲ್ಯಾಬ್ ನೋಡುವುದು ಹೇಗೆ

ಕಾಲೇಜು ನೋಡಲು ಹೋದಾಗ ಕಟ್ಟಡ, ಹಾಸ್ಟೆಲ್ ಊಟ ನೋಡಿ ಬರುತ್ತೇವೆ. ಲ್ಯಾಬಿನ ಬಾಗಿಲು ತೆಗೆಸಿ. ಪಿಸಿಆರ್, ಜೆಲ್ ಓಡಿಸುವ ಪೆಟ್ಟಿಗೆ, ಲ್ಯಾಮಿನಾರ್ ಫ್ಲೋ, ಆಟೋಕ್ಲೇವ್ ಇದೆಯಾ ಎಂದು ಕೇಳಿ. ಇದ್ದರೆ ಅಷ್ಟಕ್ಕೇ ನಿಲ್ಲಬೇಡಿ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಕೇಳಿ: "ನೀನೇ ಸ್ವಂತ ಕೈಯಲ್ಲಿ ಡಿಎನ್ಎ ತೆಗೆದಿದ್ದೀಯಾ? ಎಷ್ಟು ಸಲ? ಪ್ರಾಜೆಕ್ಟ್ ಇಲ್ಲೇ ಮಾಡಿದೆಯಾ, ದುಡ್ಡು ಕೊಟ್ಟು ಹೊರಗೆ ಮಾಡಿಸಿದೆಯಾ?" ಯಂತ್ರಕ್ಕೆ ಹೊದಿಸಿದ ಬಟ್ಟೆಯ ಮೇಲೆ ದೂಳಿದ್ದರೆ ಉತ್ತರ ಕೇಳುವ ಮೊದಲೇ ಗೊತ್ತಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ನಾಲ್ಕೈದು ಎಕರೆ ಹೊಲ, ನೀವೇ ದೊಡ್ಡವರು, ಹಿಂದೆ ತಮ್ಮ ತಂಗಿ ಇದ್ದಾರೆ. ಆಗ ಬಿಎಸ್ಸಿ ಅಗ್ರಿ. ರಾಯಚೂರು ಮೊದಲು ಹಾಕಿ, ಭೀಮರಾಯನಗುಡಿ, ಕಲಬುರಗಿ ನಂತರ.

ಗಣಿತ ಚೆನ್ನಾಗಿದೆ, ಔಷಧ ಕಂಪನಿಯ ಕಡೆ ಮನಸ್ಸಿದೆ, ಸರ್ಕಾರಿ ಕೋಟಾದಲ್ಲಿ ಹೆಸರಿರುವ ಕಾಲೇಜು ಸಿಗುತ್ತಿದೆ. ಬಿಇ ಸೇರಿ. ಸಿಗುತ್ತಿರುವುದು ಲ್ಯಾಬ್ ಇಲ್ಲದ ಕಾಲೇಜಾದರೆ ಬೇಡ, ಅದಕ್ಕಿಂತ ಊರಿನ ಬಿಎಸ್ಸಿ ಎಷ್ಟೋ ವಾಸಿ.

ನಾಲ್ಕು ವಿಷಯವೂ ಇಷ್ಟ, ಪಾಠ ಮುಗಿದ ಮೇಲೂ ಪ್ರಶ್ನೆ ಕೇಳುವ ಸ್ವಭಾವ, ಮನೆಯವರು ಕಾಯಲು ತಯಾರಿದ್ದಾರೆ. ಐಎಟಿ ಬರೆಯಿರಿ. ಬರೆದು ಸಿಗದಿದ್ದರೂ ಸಿಇಟಿ ಕೈಯಲ್ಲಿ ಇದ್ದೇ ಇರುತ್ತದೆ.

ಹೆಣ್ಣುಮಗಳನ್ನು ಈಗಲೇ ದೂರ ಕಳಿಸಲು ಮನೆಯಲ್ಲಿ ಒಪ್ಪುತ್ತಿಲ್ಲ, ಇದು ನಮ್ಮ ಕಡೆ ಬಹಳ ಕೇಳುವ ಮಾತು. ಆಗ ಜಗಳಕ್ಕೆ ನಿಂತು ವರ್ಷ ಕಳೆಯುವುದಕ್ಕಿಂತ ಅಗ್ರಿ ಸೀಟಿಗೆ ಪ್ರಯತ್ನಿಸಿ, ಸಿಗದಿದ್ದರೆ ಇಲ್ಲೇ ಬಿಎಸ್ಸಿ ಸೇರಿ. ಮೂರು ವರ್ಷದ ಮೇಲೆ ಸ್ಟೈಪೆಂಡ್ ಸಮೇತ ಎಂಎಸ್ಸಿ ಸೀಟು ಹಿಡಿದು ತಂದರೆ ಅದೇ ಮನೆಯವರ ಮಾತು ಬದಲಾಗುತ್ತದೆ. ತಂದೆತಾಯಿಗಳಲ್ಲಿ ನನ್ನ ಕೋರಿಕೆಯೂ ಅದೇ: ಆ ಸೀಟು ಬಂದ ದಿನ ಮಗಳಿಗೆ ಬೇಡ ಅನ್ನಬೇಡಿ.

ಮುಂದಿನ ಓದಿನ ಖರ್ಚಿಗೆ ಹೆದರುವ ಮನೆಗಳಿಗೆ ಒಂದು ವಿಷಯ ಗೊತ್ತಿರಲಿ. ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಪಡೆದು ಪಿಎಚ್‌ಡಿ ಮಾಡುವವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಸಿಗುತ್ತದೆ. ಮನೆ ಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ಕಠಿಣ, ಹೌದು. ಆದರೆ ಅಲ್ಲಿವರೆಗೆ ಮುಟ್ಟಿದ ಮಗು ಮನೆಗೆ ಭಾರವಲ್ಲ, ಮನೆಗೇ ದುಡ್ಡು ಕಳಿಸಬಲ್ಲದು.

ಕೌನ್ಸೆಲಿಂಗ್ ಶುರುವಾಗುವ ಮುಂಚೆ 371ಜೆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಸಹಾಯಕ ಆಯುಕ್ತರ ಕಚೇರಿಯಿಂದ ಅದು ಬರಲು ದಿನ ಹಿಡಿಯುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಕೃಷಿಕರ ಕೋಟಾಕ್ಕೆ ಬೇಕಾದ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಅರ್ಜಿ ತುಂಬುವಾಗಲೇ ಆ ಕೋಟಾಕ್ಕೆ ಗುರುತು ಹಾಕಬೇಕು, ಆಮೇಲೆ ಸೇರಿಸಲು ಬಿಡುವುದಿಲ್ಲ.